ಕೈಯಾಳಿನಿಂದ ಕುಶಲಕರ್ಮಿಯವರೆಗೆ: ಅಪ್ರೆಂಟಿಸ್ ತರಬೇತಿ, ಸಂಬಳ ಮತ್ತು ಮುಂದಿನ ದಾರಿ

ಮಂಗಳೂರು, ಉಡುಪಿಯ ಕಡೆ ಹೊಸ ಕಟ್ಟಡ ಏಳುತ್ತಿರುವಲ್ಲಿ ಕೆಲಸದವರು ಎಲ್ಲಿಯವರೆಂದು ಕೇಳಿದರೆ 'ಬಿಜಾಪುರದವರು' ಎಂಬ ಉತ್ತರ ಬಹಳ ವರ್ಷಗಳಿಂದ ಕೇಳಿಬರುತ್ತಿದೆ. ಇನ್ನೂ ಸ್ವಲ್ಪ ವಿಚಾರಿಸಿದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಊರುಗಳ ಹೆಸರು ಬರುತ್ತದೆ. ನಮ್ಮ ಮನೆ, ಶಾಲೆ, ಆಸ್ಪತ್ರೆ, ಸಭಾಭವನಗಳ ಗೋಡೆ ಎದ್ದು ನಿಂತದ್ದರಲ್ಲಿ ಇವರ ಬೆವರೂ ಸೇರಿದೆ. ಆದರೆ ಇವರ ಬದುಕಿನ ಲೆಕ್ಕವನ್ನು ನಾವು ಕೇಳುವುದು ಅಪರೂಪ.

ಒಂದೇ ಊರಿನಿಂದ, ಒಂದೇ ವರ್ಷ ಬಂದ ಇಬ್ಬರಲ್ಲಿ ಒಬ್ಬ ಹತ್ತು ವರ್ಷ ಕಳೆದರೂ ಸಿಮೆಂಟು ಕಲಸುವ ಕೈಯಾಳಾಗಿಯೇ ಉಳಿಯುತ್ತಾನೆ. ಇನ್ನೊಬ್ಬ ಮೇಸ್ತ್ರಿಯಾಗುತ್ತಾನೆ, ವೆಲ್ಡರ್ ಆಗುತ್ತಾನೆ, ನಾಲ್ಕು ಜನರಿಗೆ ಕೆಲಸ ಕೊಡುವವನಾಗುತ್ತಾನೆ. ಈ ವ್ಯತ್ಯಾಸಕ್ಕೆ ಕಾರಣವೇನು? ಬುದ್ಧಿಯಲ್ಲಿ ಹೆಚ್ಚು ಕಡಿಮೆ ಇರುವುದರಿಂದ ಹೀಗಾಯಿತು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ನಿಜವಾಗಿ ನೋಡಿದರೆ ಒಬ್ಬನಿಗೆ ಕಲಿಯಲು ಅವಕಾಶ ಸಿಕ್ಕಿತು, ಕಲಿಯುವ ತನಕ ಹೊಟ್ಟೆ ಹೊರೆಯಲು ಆಧಾರವೂ ಇತ್ತು. ಇನ್ನೊಬ್ಬನಿಗೆ ಎರಡೂ ಇರಲಿಲ್ಲ. ಅಪ್ರೆಂಟಿಸ್ ತರಬೇತಿ ಯುವಜನರ ಸಂಬಳ ಹಾಗೂ ಭವಿಷ್ಯವನ್ನು ಹೇಗೆ ಬದಲಿಸುತ್ತದೆ, ಎಲ್ಲಿ ಬದಲಿಸುವುದಿಲ್ಲ ಎಂಬುದನ್ನು ಈ ನಾಲ್ಕು ತಾಲೂಕುಗಳನ್ನು ಮುಂದಿಟ್ಟುಕೊಂಡು ನೋಡೋಣ.

ನಾಲ್ಕು ತಾಲೂಕುಗಳ ಸ್ಥಿತಿ

2014ರ ನವೆಂಬರ್ 1ರಂದು ವಿಜಯಪುರ ಎಂಬ ಹೆಸರು ಪಡೆದ ಬಿಜಾಪುರ ಜಿಲ್ಲೆಯಲ್ಲಿ ಹಿಂದೆ ಇದ್ದದ್ದು ಐದೇ ತಾಲೂಕುಗಳು. ಬಿಜಾಪುರವನ್ನು ಬಿಟ್ಟರೆ ಉಳಿದವು ಇವೇ ನಾಲ್ಕು. ಈಚೆಗೆ ಇವುಗಳಿಂದ ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮುಂತಾದ ಹೊಸ ತಾಲೂಕುಗಳು ಹುಟ್ಟಿಕೊಂಡಿವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸರಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತ್ತು. ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು.

ಹಾಗೆಂದು ಇದು ಏನೂ ಇಲ್ಲದ ನಾಡಲ್ಲ. ಒಂದು ಕಡೆ ಭೀಮಾ, ಇನ್ನೊಂದು ಕಡೆ ಕೃಷ್ಣಾ ಹರಿಯುತ್ತವೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಇಂಡಿ ತಾಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಜಿಲ್ಲೆಯಲ್ಲಿ ಬೇರೆ ಸಕ್ಕರೆ ಕಾರ್ಖಾನೆಗಳೂ ಇವೆ. ಆಲಮಟ್ಟಿಯಲ್ಲಿ 290 ಮೆಗಾವಾಟ್‌ನ ಜಲವಿದ್ಯುತ್ ಘಟಕವಿದೆ. ಹಳೆಯ ಬಸವನ ಬಾಗೇವಾಡಿ ತಾಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ 2400 ಮೆಗಾವಾಟ್‌ನ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಗದಗ–ಹೊಟಗಿ ರೈಲು ಮಾರ್ಗ ಈ ನೆಲದ ಮೇಲೆಯೇ ಹಾದುಹೋಗುತ್ತದೆ. ನಾಲ್ಕೂ ಊರುಗಳಲ್ಲಿ ಸಾರಿಗೆ ಸಂಸ್ಥೆಯ ಬಸ್ ಡಿಪೋಗಳಿವೆ. ದುಡಿಯುವ ಕೈಗಳೂ ಇವೆ, ಯಂತ್ರಗಳೂ ಇವೆ. ಕೈಯನ್ನು ಯಂತ್ರದವರೆಗೆ ಕರೆದೊಯ್ಯುವ ಸೇತುವೆ ಮಾತ್ರ ಕಿರಿದಾಗಿದೆ. ಆ ಸೇತುವೆಯೇ ಅಪ್ರೆಂಟಿಸ್ ತರಬೇತಿ.

ಅಪ್ರೆಂಟಿಸ್ ಎಂದರೆ ಯಾರು?

ಕೆಲಸ ಮಾಡುತ್ತಲೇ ಕೆಲಸ ಕಲಿಯುವವನು ಅಪ್ರೆಂಟಿಸ್. ಸರಕಾರಿ ಕನ್ನಡದಲ್ಲಿ ಆತನಿಗೆ 'ಶಿಶಿಕ್ಷು' ಎನ್ನುತ್ತಾರೆ. ಇಂಥ ಕಲಿಕೆ ನಮಗೆ ಹೊಸದಲ್ಲ. ಬಡಿಗನ ಮಗ ಬಡಿಗನ ಪಕ್ಕದಲ್ಲಿ ಕುಳಿತು, ಗೌಂಡಿಯ ತಮ್ಮ ಗೌಂಡಿಯ ಕೈಕೆಳಗೆ ನಿಂತು ಕಲಿತದ್ದು ಇದೇ ರೀತಿ. ಕಾಯಕಕ್ಕೆ ಗೌರವದ ಸ್ಥಾನ ಕೊಟ್ಟ ಬಸವಣ್ಣನವರ ಜನ್ಮಸ್ಥಳವೂ ಬಸವನ ಬಾಗೇವಾಡಿಯೇ. ಆದರೆ ಮನೆಯಲ್ಲಿ, ಕಟ್ಟಡದ ಜಾಗದಲ್ಲಿ ಹೀಗೆ ಕಲಿತ ವಿದ್ಯೆಗೆ ಕಾಗದವಿಲ್ಲ. ಊರು ಬಿಟ್ಟ ಕೂಡಲೇ ಆ ವಿದ್ಯೆಯ ಗುರುತು ಅಳಿಸಿಹೋಗುತ್ತದೆ. ಹೊಸ ಗುತ್ತಿಗೆದಾರನ ಮುಂದೆ ಆತ ಮತ್ತೆ ಕೈಯಾಳು.

ಈ ಕೊರತೆಯನ್ನು ನೀಗಿಸಲೆಂದು 1961ರಲ್ಲಿ ಶಿಶಿಕ್ಷು ಕಾಯ್ದೆ ಬಂತು. ತರಬೇತಿಗೆ ಸೇರುವವನಿಗೂ ಸಂಸ್ಥೆಗೂ ಲಿಖಿತ ಒಪ್ಪಂದ ಆಗಬೇಕು, ಅದು ನೋಂದಣಿ ಆಗಬೇಕು ಎಂಬುದು ಇದರ ಮುಖ್ಯ ನಿಯಮ. ಕನಿಷ್ಠ ವಯಸ್ಸು 14, ಅಪಾಯಕಾರಿ ಕೆಲಸಗಳಿಗೆ 18. 2019ರ ತಿದ್ದುಪಡಿಯ ಬಳಿಕ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು, ಗುತ್ತಿಗೆ ಕೆಲಸಗಾರರನ್ನೂ ಲೆಕ್ಕಕ್ಕೆ ಸೇರಿಸಿ, ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಜನರಿರುವ ಸಣ್ಣ ಸಂಸ್ಥೆಗಳು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಅಂದರೆ ಒಂದು ಗ್ಯಾರೇಜು, ಒಂದು ಮುದ್ರಣಾಲಯ ಕೂಡ ಕಾನೂನುಬದ್ಧವಾಗಿ ಅಪ್ರೆಂಟಿಸ್‌ನನ್ನು ಬೆಳೆಸಬಹುದು.

ಶಿಷ್ಯವೇತನ ಎಷ್ಟು?

ಅಪ್ರೆಂಟಿಸ್‌ಗೆ ಸಿಗುವುದು ಸಂಬಳವಲ್ಲ, ಶಿಷ್ಯವೇತನ. 2014ರ ಸೆಪ್ಟೆಂಬರ್‌ನಲ್ಲಿ ಬಂದ ನಿಯಮದ ಪ್ರಕಾರ ಅರೆಕುಶಲ ಕಾರ್ಮಿಕನ ಕನಿಷ್ಠ ವೇತನದ ಶೇ. 70 ಮೊದಲ ವರ್ಷ, ಶೇ. 80 ಎರಡನೆಯ ವರ್ಷ, ಶೇ. 90 ಮೂರನೆಯ ವರ್ಷ ಕೊಡಬೇಕಿತ್ತು. 2019ರಲ್ಲಿ ಈ ಪದ್ಧತಿಯನ್ನು ಬಿಟ್ಟು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳ ಕನಿಷ್ಠ ಮೊತ್ತವನ್ನು ನಿಗದಿ ಮಾಡಲಾಯಿತು. ಐದರಿಂದ ಒಂಬತ್ತನೆಯ ತರಗತಿ ಓದಿದವರಿಗೆ 5,000 ರೂ., ಎಸ್ಸೆಸ್ಸೆಲ್ಸಿ ಆದವರಿಗೆ 6,000, ಪಿಯುಸಿ ಅಥವಾ ಐಟಿಐ ಪ್ರಮಾಣಪತ್ರ ಇರುವವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಎರಡನೆಯ ವರ್ಷ ಶೇ. 10, ಮೂರನೆಯ ವರ್ಷ ಶೇ. 15 ಏರಿಕೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕನಿಷ್ಠ ವೇತನದೊಂದಿಗೆ ಬೆಸೆದುಕೊಂಡಿದ್ದಾಗ, ಬೆಲೆ ಏರಿ ಕನಿಷ್ಠ ವೇತನ ಪರಿಷ್ಕರಣೆ ಆದಂತೆ ಶಿಷ್ಯವೇತನವೂ ತಾನಾಗಿ ಏರುತ್ತಿತ್ತು. ನಿಗದಿತ ಮೊತ್ತವಾದ ಮೇಲೆ ಸರಕಾರ ಮನಸ್ಸು ಮಾಡಿದಾಗ ಮಾತ್ರ ಏರಿಕೆ. ಅಕ್ಕಿ, ಎಣ್ಣೆ, ಬಾಡಿಗೆ ಮಾತ್ರ ಯಾರಿಗೂ ಕಾಯುವುದಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಶಿಶಿಕ್ಷು ಮಂಡಳಿಯು ಈ ಮೊತ್ತವನ್ನು ಶೇ. 36ರಷ್ಟು ಏರಿಸಿ 6,800ರಿಂದ 12,300 ರೂ. ಮಾಡಬೇಕೆಂದು ಶಿಫಾರಸು ಮಾಡಿತು. ಸೇರುವ ದಿನ ಯಾವ ದರ ಜಾರಿಯಲ್ಲಿದೆ ಎಂಬುದನ್ನು ನೋಡಿಕೊಂಡೇ ಒಪ್ಪಂದಕ್ಕೆ ಸಹಿ ಹಾಕುವುದು ಒಳ್ಳೆಯದು.

2016ರ ಆಗಸ್ಟ್‌ನಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಉತ್ತೇಜನ ಯೋಜನೆಯಲ್ಲಿ ಶಿಷ್ಯವೇತನದ ಶೇ. 25ರಷ್ಟನ್ನು, 1,500 ರೂ. ಮಿತಿಯೊಳಗೆ, ಕೇಂದ್ರ ಸರಕಾರ ಭರಿಸುತ್ತದೆ. 2023ರ ಆಗಸ್ಟ್‌ನಿಂದ ಈ ಪಾಲು ನೇರವಾಗಿ ಅಭ್ಯರ್ಥಿಯ ಬ್ಯಾಂಕ್ ಖಾತೆಗೆ ಜಮಾ ಆಗುವ ವ್ಯವಸ್ಥೆ ಬಂದಿದೆ.

ಕಡಿಮೆ ಸಂಬಳದ ಬೆಲೆ ತೆರುವವರು ಯಾರು?

ಈಗ ಒಂದು ಸರಳ ಲೆಕ್ಕ ಮಾಡೋಣ. ಸಿಂದಗಿ ಕಡೆಯ ಒಬ್ಬ ಯುವಕ ಐಟಿಐ ಮುಗಿಸಿದ್ದಾನೆ ಎಂದಿಟ್ಟುಕೊಳ್ಳಿ. ಆತ ಕಟ್ಟಡದ ಕೆಲಸಕ್ಕೆ ಹೋದರೆ ದಿನಕ್ಕೆ 600 ರೂ. ಸಿಗುತ್ತದೆ, ತಿಂಗಳಿಗೆ 24 ದಿನ ಕೆಲಸವಿದೆ ಎಂದು ಭಾವಿಸೋಣ. ತಿಂಗಳಿಗೆ 14,400 ರೂ. ಆಯಿತು. ಅದೇ ಯುವಕ ಅಪ್ರೆಂಟಿಸ್ ಆಗಿ ಸೇರಿದರೆ 7,000 ರೂ. ವ್ಯತ್ಯಾಸ 7,400. ವರ್ಷಕ್ಕೆ 88,800 ರೂ. ಬೇರೆ ಊರಿನಲ್ಲಿ ತರಬೇತಿಯಾದರೆ ಕೋಣೆಯ ಬಾಡಿಗೆ, ಊಟದ ಖರ್ಚು ಇದರ ಮೇಲೆ.

ತರಬೇತಿ ಮುಗಿದ ಮೇಲೆ ಆತನ ಗಳಿಕೆ ಕೈಯಾಳಿನ ಗಳಿಕೆಗಿಂತ ತಿಂಗಳಿಗೆ 3,000 ರೂ. ಹೆಚ್ಚಾಯಿತು ಎಂದುಕೊಂಡರೆ, ಕಳೆದುಕೊಂಡ 88,800 ರೂ. ಮರಳಿ ಬರಲು ಸುಮಾರು ಎರಡೂವರೆ ವರ್ಷ ಬೇಕು. ಆ ನಂತರದ್ದೆಲ್ಲ ಲಾಭ. ಇಪ್ಪತ್ತರ ಹರೆಯದವನಿಗೆ ಮುಂದೆ ನಲವತ್ತು ವರ್ಷದ ದುಡಿಮೆ ಇದೆ. ಕಾಗದದ ಮೇಲೆ ಇದು ನಿಸ್ಸಂಶಯವಾಗಿ ಒಳ್ಳೆಯ ವ್ಯವಹಾರ.

ಆದರೆ ಸಾಲದ ಕಂತು ಕಟ್ಟಬೇಕಾದ ಮನೆಗೆ ನಲವತ್ತು ವರ್ಷದ ಲೆಕ್ಕ ಹಿಡಿಸುವುದಿಲ್ಲ. ಮಳೆ ಕೈಕೊಟ್ಟಿದೆ, ತಂಗಿಯ ಮದುವೆ ಬಂದಿದೆ, ಗುತ್ತಿಗೆದಾರ ಮುಂಗಡ ಕೊಡಲು ಸಿದ್ಧನಿದ್ದಾನೆ. ಅಂಥ ಮನೆಯ ಹುಡುಗ ಬಸ್ಸು ಹತ್ತಿ ಮಂಗಳೂರಿಗೋ ಗೋವಾಕ್ಕೋ ಹೋಗುತ್ತಾನೆ. ಅವನಿಗೆ ತರಬೇತಿಯ ಬೆಲೆ ಗೊತ್ತಿಲ್ಲವೆಂದಲ್ಲ. ಆ ಬೆಲೆಯನ್ನು ಮುಂಗಡವಾಗಿ ತೆರುವ ಶಕ್ತಿ ಆ ಮನೆಗಿಲ್ಲ. ತರಬೇತಿ ಯಾರಿಗೆ ಹೆಚ್ಚು ಬೇಕಾಗಿದೆಯೋ ಅವರೇ ಅದರಿಂದ ದೂರ ಉಳಿಯುವುದು ಈ ವ್ಯವಸ್ಥೆಯ ದೊಡ್ಡ ದೋಷ.

ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲಿ ಪ್ರಕಟವಾದ 'ಹ್ಯೂಮನ್ ಕ್ಯಾಪಿಟಲ್' ಎಂಬ ಗ್ರಂಥದಲ್ಲಿ ಈ ವಿಷಯವನ್ನು ಬಿಡಿಸಿ ಹೇಳಿದ್ದಾರೆ. ಎಲ್ಲ ಕಡೆ ಬಳಕೆಗೆ ಬರುವ ವಿದ್ಯೆ ಒಂದು, ಒಂದೇ ಕಾರ್ಖಾನೆಯಲ್ಲಿ ಮಾತ್ರ ಬಳಕೆಗೆ ಬರುವ ವಿದ್ಯೆ ಇನ್ನೊಂದು. ವೆಲ್ಡಿಂಗ್ ಕಲಿತವನನ್ನು ನಾಳೆ ಬೇರೆ ಮಾಲೀಕ ಹೆಚ್ಚು ಸಂಬಳ ಕೊಟ್ಟು ಕರೆದೊಯ್ಯಬಹುದು. ಹಾಗಾಗಿ ಅಂಥ ವಿದ್ಯೆಗೆ ಮಾಲೀಕ ತನ್ನ ಹಣ ಸುರಿಯಲು ಹಿಂಜರಿಯುತ್ತಾನೆ. ಆ ವೆಚ್ಚವನ್ನು ಕಲಿಯುವವನೇ ಕಡಿಮೆ ಸಂಬಳದ ರೂಪದಲ್ಲಿ ಹೊರುತ್ತಾನೆ. ಕಲಿಯುವವನ ಬಳಿ ಹಣವೇ ಇಲ್ಲದಿದ್ದರೆ ಸಮಾಜ ಕೈಜೋಡಿಸಬೇಕು. ಸರಕಾರ ಕೊಡುವ 1,500 ರೂಪಾಯಿಯ ಹಿಂದೆ ಇರುವ ವಿಚಾರ ಇದೇ. ನಮ್ಮ ಲೆಕ್ಕದ 7,400 ರೂ. ಕೊರತೆಯನ್ನು ಅದು ತುಂಬುವುದಿಲ್ಲ. ಏಕೆಂದರೆ ಆ ಹಣ 7,000 ರೂ. ಶಿಷ್ಯವೇತನದ ಒಂದು ಭಾಗವೇ ಹೊರತು ಅದರ ಮೇಲೆ ಸಿಗುವ ಹೆಚ್ಚುವರಿ ಹಣವಲ್ಲ.

ಸಂಬಳ ಏರುವುದು ಯಾವಾಗ?

ಅಪ್ರೆಂಟಿಸ್ ಆದ ಮಾತ್ರಕ್ಕೆ ಸಂಬಳ ಏರುವುದಿಲ್ಲ. ನಾವು ಕಂಡುಕೊಂಡಂತೆ ಮೂರು ಸಂಗತಿಗಳು ಕೂಡಿ ಬರಬೇಕು.

ಮೊದಲನೆಯದು, ನಿಜವಾದ ಕಲಿಕೆ. ಸಕ್ಕರೆ ಕಾರ್ಖಾನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಗಾಣ, ಬಾಯ್ಲರ್, ಟರ್ಬೈನ್ ಹಗಲಿರುಳು ಓಡುತ್ತವೆ. ಹಂಗಾಮು ಮುಗಿದ ಮೇಲೆ ಅದೇ ಯಂತ್ರಗಳನ್ನು ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸುತ್ತಾರೆ. ಒಂದು ಪೂರ್ತಿ ವರ್ಷ ಅಲ್ಲಿದ್ದ ಫಿಟ್ಟರ್ ಅಪ್ರೆಂಟಿಸ್ ಓಡುವ ಯಂತ್ರವನ್ನೂ ಬಿಚ್ಚಿದ ಯಂತ್ರವನ್ನೂ ನೋಡುತ್ತಾನೆ. ತರಗತಿಯ ಕೋಣೆಯಲ್ಲಿ ಇದು ಸಿಗದು. ಆದರೆ ಅದೇ ಹುಡುಗನನ್ನು ವರ್ಷವಿಡೀ ಕಸ ಗುಡಿಸಲು, ಸಾಮಾನು ಹೊರಲು ಹಚ್ಚಿದರೆ ಆತ ಕಲಿತದ್ದೇನು?

ಎರಡನೆಯದು, ಎಲ್ಲೆಡೆ ನಡೆಯುವ ಪ್ರಮಾಣಪತ್ರ. ನಿಗದಿತ ವೃತ್ತಿಗಳಲ್ಲಿ ತರಬೇತಿ ಮುಗಿಸಿ ಅಖಿಲ ಭಾರತ ಮಟ್ಟದ ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ಶಿಶಿಕ್ಷು ಪ್ರಮಾಣಪತ್ರ ದೊರೆಯುತ್ತದೆ. ಇದು ಇಂಡಿಯಲ್ಲಿ ಹೇಗೋ ಪುಣೆಯಲ್ಲಿಯೂ ಹಾಗೆಯೇ ಚಲಾವಣೆಯಾಗುತ್ತದೆ. ಜರ್ಮನಿಯ ತರಬೇತಿ ಪದ್ಧತಿ ಹೆಸರಾಗಿರುವುದಕ್ಕೆ ಮುಖ್ಯ ಕಾರಣವೂ ಇದುವೇ. ಅಲ್ಲಿ ಯುವಜನರು ವಾರದ ಕೆಲವು ದಿನ ಕೆಲಸದ ಸ್ಥಳದಲ್ಲಿ, ಉಳಿದ ದಿನ ವೃತ್ತಿಶಾಲೆಯಲ್ಲಿ ಕಲಿಯುತ್ತಾರೆ. ಕೊನೆಯಲ್ಲಿ ಸಿಗುವ ಪ್ರಮಾಣಪತ್ರವನ್ನು ಇಡೀ ದೇಶದ ಮಾಲೀಕರು ನಂಬುತ್ತಾರೆ. ನಂಬುವ ಕಾಗದ ಕೈಗೆ ಬರುತ್ತದೆಂದು ಗೊತ್ತಿರುವುದರಿಂದ ಕಡಿಮೆ ಶಿಷ್ಯವೇತನವನ್ನು ಅವರು ಸಹಿಸಿಕೊಳ್ಳುತ್ತಾರೆ.

ಮೂರನೆಯದು, ಮುಂದಿನ ಮೆಟ್ಟಿಲು. ಬಾಯ್ಲರ್ ನಡೆಸುವವನಿಗೆ ಸರಕಾರದ ಪರೀಕ್ಷೆ ಪಾಸಾದ ಅರ್ಹತಾ ಪತ್ರ ಬೇಕು. ವಿದ್ಯುತ್ ಕೆಲಸಕ್ಕೆ ವೈರ್‌ಮನ್ ಪರವಾನಗಿ ಬೇಕು. ಇಂಥ ಪತ್ರ ಕೈಯಲ್ಲಿದ್ದಾಗ ಮಾಲೀಕನಿಗೆ ಆತ ಅನಿವಾರ್ಯ, ಸಂಬಳದ ಮಾತುಕತೆಯಲ್ಲಿ ಆತನ ಮಾತಿಗೆ ತೂಕ. ತರಬೇತಿಯ ಅವಧಿಯ ಅನುಭವವನ್ನು ಇಂಥ ಪರೀಕ್ಷೆಗಳಿಗೆ ಸಿದ್ಧತೆಯಾಗಿ ಬಳಸಿಕೊಂಡವನು ಮೇಲೇರುತ್ತಾನೆ. ವರ್ಷ ಮುಗಿಯಿತೆಂದು ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲಿಟ್ಟವನು ಅಲ್ಲೇ ಉಳಿಯುತ್ತಾನೆ.

ತರಬೇತಿ ಮುಗಿದರೆ ಕೆಲಸ ಖಚಿತವೇ?

ಹೆತ್ತವರು ಕೇಳುವ ಮೊದಲ ಪ್ರಶ್ನೆ ಇದು. ನೇರವಾಗಿ ಹೇಳಬೇಕೆಂದರೆ, ಇಲ್ಲ. ತರಬೇತಿ ಕೊಟ್ಟ ಸಂಸ್ಥೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆ ತನ್ನದೇ ನೀತಿ ರೂಪಿಸಿಕೊಳ್ಳಬೇಕು ಎಂದಷ್ಟೇ 2014ರ ತಿದ್ದುಪಡಿ ಹೇಳಿದೆ. ಉತ್ತರ ಪ್ರದೇಶದ ಸಾರಿಗೆ ನಿಗಮಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಒಂದು ಮಹತ್ವದ ಮಾತು ಹೇಳಿತು: ಉಳಿದೆಲ್ಲ ಅರ್ಹತೆಗಳು ಸಮನಾಗಿದ್ದರೆ, ನೇರವಾಗಿ ಬಂದವರಿಗಿಂತ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಆದ್ಯತೆ ಸಿಗಬೇಕು. ಇದು ಆದ್ಯತೆ ಮಾತ್ರ, ಹಕ್ಕಲ್ಲ.

ಕೆಲವು ಕಡೆ ಈ ಆದ್ಯತೆ ಸ್ಪಷ್ಟ ರೂಪ ಪಡೆದಿದೆ. ರೈಲ್ವೆ ಇಲಾಖೆಯು 2018 ಮತ್ತು 2019ರ ಲೆವೆಲ್–1 ನೇಮಕಾತಿಗಳಲ್ಲಿ ಶೇ. 20ರಷ್ಟು ಸ್ಥಾನಗಳನ್ನು ರೈಲ್ವೆಯಲ್ಲೇ ಅಪ್ರೆಂಟಿಸ್ ತರಬೇತಿ ಮುಗಿಸಿದವರಿಗೆ ಮೀಸಲಿಟ್ಟಿತು. ವಿಜಯಪುರ ಜಿಲ್ಲೆಯ ಯುವಜನರಿಗೆ ಹತ್ತಿರವಾದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಹುಬ್ಬಳ್ಳಿ, ಮೈಸೂರುಗಳಲ್ಲಿ ಅದರ ಕಾರ್ಯಾಗಾರಗಳಿವೆ. ಇಲ್ಲಿ ಅಪ್ರೆಂಟಿಸ್ ಆಯ್ಕೆ ಲಿಖಿತ ಪರೀಕ್ಷೆಯಿಂದಲ್ಲ, ಎಸ್ಸೆಸ್ಸೆಲ್ಸಿ ಹಾಗೂ ಐಟಿಐ ಅಂಕಗಳ ಆಧಾರದಿಂದ ನಡೆಯುತ್ತದೆ. ಆದ್ದರಿಂದ ಹತ್ತನೆಯ ತರಗತಿಯ ಅಂಕಪಟ್ಟಿ ಮುಂದೆ ಎಲ್ಲಿಯೋ ಕೆಲಸಕ್ಕೆ ಬರುತ್ತದೆಂಬುದನ್ನು ಮಕ್ಕಳಿಗೆ ಆಗಲೇ ತಿಳಿಸಬೇಕು. ದುಡಿಯಲು ಹೋಗುವ ಹೆತ್ತವರ ಜೊತೆ ಮಕ್ಕಳೂ ಹೊರಟು ಶಾಲೆ ತಪ್ಪಿದರೆ, ಈ ಬಾಗಿಲು ಅಂದೇ ಮುಚ್ಚುತ್ತದೆ.

ವಯಸ್ಸಾದಂತೆ ಏನಾಗುತ್ತದೆ?

ವೃತ್ತಿ ಶಿಕ್ಷಣದ ಬಗ್ಗೆ ಎಚ್ಚರಿಕೆಯ ಮಾತೂ ಇದೆ. ಎರಿಕ್ ಹನುಶೆಕ್ ಮತ್ತು ಸಂಗಡಿಗರು 11 ದೇಶಗಳ ಅಂಕಿ ಅಂಶಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಹೀಗಿದೆ: ವೃತ್ತಿ ಶಿಕ್ಷಣ ಪಡೆದವರಿಗೆ ಎಳೆಯ ವಯಸ್ಸಿನಲ್ಲಿ ಕೆಲಸ ಸುಲಭವಾಗಿ ಸಿಗುತ್ತದೆ. ಆದರೆ ವಯಸ್ಸಾದಂತೆ, ತಂತ್ರಜ್ಞಾನ ಬದಲಾದಂತೆ, ಸಾಮಾನ್ಯ ಶಿಕ್ಷಣ ಪಡೆದವರು ಅವರನ್ನು ಹಿಂದೆ ಹಾಕುತ್ತಾರೆ. ಕೈಯಿಂದ ಲೇಥ್ ನಡೆಸುವುದಷ್ಟನ್ನೇ ಬಲ್ಲವನು ಗಣಕೀಕೃತ ಯಂತ್ರ ಬಂದಾಗ ಕಂಗಾಲಾಗುವುದನ್ನು ನಾವೂ ಕಾಣುತ್ತೇವೆ.

ಇದಕ್ಕೆ ಮದ್ದು ತರಬೇತಿಯನ್ನು ಬಿಡುವುದಲ್ಲ, ಓದನ್ನು ಬಿಡದಿರುವುದು. ಕರ್ನಾಟಕದಲ್ಲಿ ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು. 'ಐಟಿಐ ಎಂದರೆ ಓದು ಮುಗಿಯಿತು' ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಅದು ತಪ್ಪು. ಏಣಿ ಇದೆ, ಅದನ್ನು ತೋರಿಸುವವರು ಕಡಿಮೆ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ಅಪ್ರೆಂಟಿಸ್ ಹೆಸರಿನಲ್ಲಿ ಅಗ್ಗದ ದುಡಿಮೆ ಪಡೆಯುವವರೂ ಇದ್ದಾರೆ. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ಆದ್ದರಿಂದ ಆತನಿಗೆ ಪಿ.ಎಫ್. ಇಲ್ಲ. ಇದನ್ನೇ ದುರುಪಯೋಗ ಮಾಡಿ, ಖಾಯಂ ಕೆಲಸಗಾರನ ಜಾಗದಲ್ಲಿ ವರ್ಷಕ್ಕೊಬ್ಬ ಹೊಸ ಅಪ್ರೆಂಟಿಸ್‌ನನ್ನು ನಿಲ್ಲಿಸುವ ಅಪಾಯ ಇದ್ದೇ ಇದೆ. ಆದ್ದರಿಂದ ಹೆತ್ತವರು, ಯುವಜನರು ಈ ಕೆಳಗಿನವುಗಳನ್ನು ಗಮನಿಸಬೇಕು.

1. ಒಪ್ಪಂದ ನೋಂದಣಿ ಆಗಿದೆಯೇ? ಬಾಯಿಮಾತಿನ ತರಬೇತಿಗೆ ಪ್ರಮಾಣಪತ್ರ ಇಲ್ಲ.

2. ಯಾವ ವೃತ್ತಿ, ಎಷ್ಟು ಅವಧಿ, ಎಷ್ಟು ಶಿಷ್ಯವೇತನ ಎಂಬುದು ಬರಹದಲ್ಲಿದೆಯೇ?

3. ಕಲಿಸುವವರು ಯಾರು? ಎಷ್ಟು ಪೀಸ್ ಮಾಡಿದೆ ಎಂಬ ಲೆಕ್ಕದಲ್ಲಿ ಅಪ್ರೆಂಟಿಸ್‌ಗೆ ಹಣ ಕೊಡುವಂತಿಲ್ಲ. ಶಿಶಿಕ್ಷು ಸಲಹೆಗಾರರ ಅನುಮತಿ ಇಲ್ಲದೆ ಹೆಚ್ಚುವರಿ ಹೊತ್ತು ದುಡಿಸುವಂತಿಲ್ಲ.

4. ಗಾಯವಾದರೆ ಪರಿಹಾರದ ಹೊಣೆ ಮಾಲೀಕನದು. ಇದನ್ನು ಸೇರುವಾಗಲೇ ಕೇಳಿ ತಿಳಿದುಕೊಳ್ಳಿ.

5. ಹಿಂದಿನ ವರ್ಷ ತರಬೇತಿ ಮುಗಿಸಿದವರು ಈಗ ಎಲ್ಲಿದ್ದಾರೆ? ಸಂಸ್ಥೆಯ ಗುಣವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ನಮ್ಮ ಪಾಲಿನ ಕೆಲಸ

ಕರಾವಳಿಯ ಓದುಗರಿಗೆ ಇದರಲ್ಲಿ ಏನು ಪಾತ್ರ ಎಂದು ಕೇಳಬಹುದು. ನಮ್ಮಲ್ಲಿ ಅನೇಕರು ಉದ್ದಿಮೆ, ಆಸ್ಪತ್ರೆ, ವರ್ಕ್‌ಶಾಪ್, ಹೋಟೆಲ್, ಕಟ್ಟಡ ಗುತ್ತಿಗೆ ನಡೆಸುವವರಿದ್ದೇವೆ. ನಮ್ಮ ಸಂಸ್ಥೆಯಲ್ಲಿ 30 ಜನರಿದ್ದರೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ದಾನವಲ್ಲ, ಕಾನೂನಿನ ಕರ್ತವ್ಯ. ಕಾನೂನು ಹೇಳಿದ್ದು ಕನಿಷ್ಠ ಮೊತ್ತ ಮಾತ್ರ. ಅದಕ್ಕಿಂತ ಹೆಚ್ಚು ಕೊಡಲು ಯಾವ ಅಡ್ಡಿಯೂ ಇಲ್ಲ. ವಾಸಕ್ಕೆ ಒಂದು ಕೋಣೆ, ಎರಡು ಹೊತ್ತಿನ ಊಟ ಒದಗಿಸಿದರೆ, ಮೇಲೆ ನಾವು ಮಾಡಿದ ಲೆಕ್ಕದ ಕೊರತೆಯಲ್ಲಿ ದೊಡ್ಡ ಪಾಲು ತುಂಬುತ್ತದೆ. ಮುದ್ದೇಬಿಹಾಳದ ಹುಡುಗನಿಗೆ 'ಕಲಿಯುತ್ತೇನೆ' ಎಂದು ಹೇಳುವ ಧೈರ್ಯ ಬರುವುದು ಆಗ.

ಈಗಾಗಲೇ ನಮ್ಮ ಊರುಗಳಲ್ಲಿ ದುಡಿಯುತ್ತಿರುವ, ಶಾಲೆಯ ಕಾಗದ ಇಲ್ಲದ ಕೆಲಸಗಾರರಿಗೂ ಒಂದು ದಾರಿಯಿದೆ. ದುಡಿದು ಕಲಿತ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಬಂದಿದೆ. ಹತ್ತು ವರ್ಷ ಗಾರೆ ಕೆಲಸ ಮಾಡಿದವನನ್ನು ಅಂಥ ಪರೀಕ್ಷೆಗೆ ಕಳುಹಿಸಲು ಗುತ್ತಿಗೆದಾರ ಎರಡು ದಿನದ ಕೂಲಿ ಕಡಿತ ಮಾಡದೆ ರಜೆ ಕೊಟ್ಟರೆ ಸಾಕು. ಅರ್ಜಿ ತುಂಬಲು, ಅಪ್ರೆಂಟಿಸ್‌ಶಿಪ್ ಇಂಡಿಯಾ ಜಾಲತಾಣದಲ್ಲಿ ಹೆಸರು ನೋಂದಾಯಿಸಲು ನಮ್ಮ ಯುವಸಂಘಟನೆಗಳ ಸದಸ್ಯರು ಭಾನುವಾರದ ಒಂದು ಗಂಟೆ ಕೊಡಬಹುದು.

ಕಡಿಮೆ ಶಿಷ್ಯವೇತನದ ಒಂದು ವರ್ಷ ಕೆಲವರಿಗೆ ಮೆಟ್ಟಿಲಾಗುತ್ತದೆ, ಕೆಲವರಿಗೆ ನಷ್ಟವಾಗುತ್ತದೆ. ಯಾವುದಾಗುತ್ತದೆ ಎಂಬುದು ಆ ಯುವಕನ ಶ್ರದ್ಧೆಯೊಂದನ್ನೇ ಅವಲಂಬಿಸಿಲ್ಲ. ಕಲಿಸಬೇಕಾದವನು ಕಲಿಸಿದನೇ, ಕಾಗದ ಕೈಗೆ ಬಂತೇ, ಆ ವರ್ಷ ಆತನ ಮನೆಯ ಒಲೆ ಉರಿಯಿತೇ ಎಂಬುದರ ಮೇಲೂ ನಿಂತಿದೆ. ಈ ಮೂರರಲ್ಲಿ ಒಂದನ್ನಾದರೂ ನೋಡಿಕೊಳ್ಳುವ ಶಕ್ತಿ ನಮ್ಮಲ್ಲಿ ಬಹುಪಾಲು ಜನರಿಗೆ ಇದೆ.